ಚೆಕ್ ಎಂಜಿನ್ ಲೈಟ್ ಬಂತು, ಈಗೇನು ಮಾಡೋದು?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಒಂದು ಸಲ ಪೇಟೆಗೆ ಹೋಗಿ ಬಂದಿದ್ದು ಬಿಟ್ಟರೆ ಕಾರು ಅಷ್ಟೂ ದಿನ ಕೊಟ್ಟಿಗೆಯ ಪಕ್ಕ ನಿಂತಿತ್ತು. ವಾಪಸ್ ಹೊರಟು ಹಾಸನ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡಿತು. ಕಾರು ಚೆನ್ನಾಗೇ ಓಡುತ್ತಿತ್ತು. ಪಿಕಪ್ ಇತ್ತು, ಶಬ್ದ ಇರಲಿಲ್ಲ, ಹೊಗೆ ಇರಲಿಲ್ಲ. ಬೆಂಗಳೂರಿಗೆ ಬಂದು ಒಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿದರು, ಪಿ0135 ಅನ್ನುವ ದೋಷದ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಚೇಂಜ್ ಮಾಡಬೇಕು" ಅಂದರು. ಎಂಜಿನ್ ಬಿಡುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅಳೆಯುವ ಭಾಗ ಅದು. ಆರು ಸಾವಿರ ಚಿಲ್ಲರೆ ಕೊಟ್ಟು ಹಾಕಿಸಿದೆ. ಎರಡು ದಿನಕ್ಕೆ ಮತ್ತೆ ಅದೇ ಲೈಟ್, ಅದೇ ಕೋಡ್.

ಹಳೆಯ ಸೆನ್ಸರ್‌ಗೆ ಏನೂ ಆಗಿರಲಿಲ್ಲ. ಅದಕ್ಕೆ ಹೋಗುವ ವೈರನ್ನು ಇಲಿ ಕಡಿದಿತ್ತು.

ಕೋಡ್ ಅನ್ನುವುದು ಬೀದಿಯ ಹೆಸರು ಇದ್ದ ಹಾಗೆ. ತೊಂದರೆ ಯಾವ ಬೀದಿಯಲ್ಲಿದೆ ಅಂತ ಹೇಳುತ್ತದೆ, ಯಾವ ಮನೆಯಲ್ಲಿದೆ ಅಂತ ಹೇಳುವುದಿಲ್ಲ. ಮನೆ ಹುಡುಕುವ ಕೆಲಸ ನಮ್ಮದು ಅಥವಾ ಮೆಕ್ಯಾನಿಕ್‌ದು. ಆ ಹುಡುಕಾಟದ ಬಹುಪಾಲು ನೀವೇ ಮಾಡಬಹುದು, ದೊಡ್ಡ ಸಲಕರಣೆ ಏನೂ ಬೇಡ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಬಣ್ಣ ನೋಡಿ

ಲೈಟ್ ಬಂದ ಕೂಡಲೇ ಅದರ ಬಣ್ಣ ನೋಡಿ. ಕೆಂಪು ಅಂದರೆ ಈಗಲೇ ನಿಲ್ಲಿಸಿ. ಹಳದಿ ಅಂದರೆ ನಿಧಾನಕ್ಕೆ ಹೋಗಬಹುದು, ಆದರೆ ಬೇಗ ತೋರಿಸಬೇಕು. ಹಸಿರು, ನೀಲಿ ಸುಮ್ನೆ ಮಾಹಿತಿಗೆ: ಇಂಡಿಕೇಟರ್, ಹೈ ಬೀಮ್ ಇತ್ಯಾದಿ. ಕೆಲವು ಕಾರಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಅನ್ನುವುದಕ್ಕೂ ನೀಲಿ ಲೈಟ್ ಇರುತ್ತದೆ. ಸ್ವಲ್ಪ ಓಡಿಸಿದ ಮೇಲೆ ಅದು ತಾನಾಗಿ ಹೋಗುತ್ತದೆ.

ಕೆಂಪು ಲೈಟುಗಳಲ್ಲಿ ಇವನ್ನು ಚಿತ್ರ ನೋಡಿದ ಕೂಡಲೇ ಗುರುತಿಸುವಂತಿರಬೇಕು.

ಎಣ್ಣೆ ಡಬ್ಬಿಯ ಚಿತ್ರ. ಇದು ಆಯಿಲ್ ಪ್ರೆಶರ್ ಲೈಟ್. ಓಡುವಾಗ ಇದು ಬಂದರೆ ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿ. "ಮುಂದಿನ ಊರು ಎರಡೇ ಕಿಲೋಮೀಟರ್" ಅಂತ ಓಡಿಸಬೇಡಿ. ಎಣ್ಣೆ ಒತ್ತಡವಿಲ್ಲದೆ ಎಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳಬಹುದು, ಆಮೇಲೆ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಹಂಪ್‌ಗೋ ಕಲ್ಲಿಗೋ ಬಡಿದು ಆಯಿಲ್ ಚೇಂಬರ್ ಒಡೆಯುವುದು ಅಪರೂಪವೇನಲ್ಲ. ಆದ್ದರಿಂದ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ, ಎಣ್ಣೆ ತೊಟ್ಟಿಕ್ಕುತ್ತಿದೆಯಾ ಅಂತ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಎಣ್ಣೆ ಕಡಿಮೆಯಿದ್ದರೆ ತುಂಬಿಸಿ, ಸ್ಟಾರ್ಟ್ ಮಾಡಿ, ಲೈಟ್ ಹೋಯಿತಾ ನೋಡಿ. ಎಣ್ಣೆ ಸರಿಯಾಗಿದ್ದೂ ಲೈಟ್ ಹೋಗದಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಟೋ ಮಾಡಿಸಿ.

ನೀರಿನಲ್ಲಿ ನಿಂತ ಥರ್ಮಾಮೀಟರ್ ಚಿತ್ರ. ಎಂಜಿನ್ ಕಾದಿದೆ. ಘಾಟಿಯಲ್ಲಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಎಸಿ ಹಾಕಿಕೊಂಡು ಹತ್ತುವಾಗ ಇದು ಬರುವುದು ಜಾಸ್ತಿ. ಎಸಿ ಆಫ್ ಮಾಡಿ, ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ. ಎಂಜಿನ್ನಿನ ಶಾಖ ಸ್ವಲ್ಪ ಕ್ಯಾಬಿನ್ ಕಡೆಗೆ ಬರುತ್ತದೆ. ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ.

ಬ್ಯಾಟರಿ ಚಿತ್ರ. ಹೆಸರು ಬ್ಯಾಟರಿ, ತೊಂದರೆ ಹೆಚ್ಚಾಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ದು ಅಥವಾ ಅದನ್ನು ತಿರುಗಿಸುವ ಬೆಲ್ಟ್‌ದು. ಬಾನೆಟ್ ತೆಗೆದು ಬೆಲ್ಟ್ ಇದೆಯಾ ನೋಡಿ. ಕೆಲವು ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಸ್ವಲ್ಪ ಹೊತ್ತಿಗೆ ಎಂಜಿನ್ ಕಾಯುತ್ತದೆ, ಹಾಗಾಗಿ ಓಡಿಸಬಾರದು.

ಬ್ರೇಕ್ ಲೈಟ್, ಅಂದರೆ ವೃತ್ತದೊಳಗೆ ಆಶ್ಚರ್ಯ ಚಿಹ್ನೆ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದರೆ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಪೆಡಲ್ ಮೆತ್ತಗಾಗಿದ್ದರೆ ಕಾರು ಅಲ್ಲಿಂದ ಕದಲಬಾರದು.

ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ 1033ಕ್ಕೆ ಫೋನ್ ಮಾಡಿ, ಅದು ಹೆದ್ದಾರಿ ಸಹಾಯವಾಣಿ. ಹಜಾರ್ಡ್ ಲೈಟ್ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ಕಾರಿನಿಂದ ಸಾಕಷ್ಟು ಹಿಂದೆ ಇಡಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ಹಳದಿ ಎಂಜಿನ್: ನಿಂತಿದೆಯಾ, ಮಿನುಗುತ್ತಿದೆಯಾ?

ಈಗ ಚೆಕ್ ಎಂಜಿನ್ ಲೈಟ್‌ಗೆ ಬರೋಣ. ಇದು ಸುಮ್ಮನೆ ಉರಿಯುತ್ತಿದ್ದರೆ, ಕಾರು ಎಂದಿನಂತೆ ಓಡುತ್ತಿದ್ದರೆ, ಗಾಬರಿ ಬೇಡ. ಪ್ರಯಾಣ ಮುಗಿಸಿ. ಜೋರಾಗಿ ಎಳೆಸಬೇಡಿ, ಎರಡು ಮೂರು ದಿನದೊಳಗೆ ನೋಡಿ.

ಮಿನುಗುತ್ತಿದ್ದರೆ ಕಥೆ ಬೇರೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ ಅಂತ ಅರ್ಥ. ನಮ್ಮ ಮೆಕ್ಯಾನಿಕ್‌ಗಳು "ಮಿಸ್ಸಿಂಗ್ ಹೊಡೀತಿದೆ" ಅನ್ನುತ್ತಾರಲ್ಲ, ಅದು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾಯಿಸಿದ ಕಬ್ಬಿಣದಂತಾಗಿ ಒಳಗಿನ ಜೇನುಗೂಡು ಕರಗಿಬಿಡುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುವುದರಿಂದ ಬೆಲೆ ಜಾಸ್ತಿ. ಕಿಡಿ ಹುಟ್ಟಿಸುವ ಒಂದು ಕಾಯಿಲ್‌ನ ಖರ್ಚಲ್ಲಿ ಮುಗಿಯಬೇಕಾದ್ದು ಹತ್ತಾರು ಪಟ್ಟು ಬೆಳೆಯುತ್ತದೆ. ಆಕ್ಸಿಲರೇಟರ್ ಬಿಡಿ. ಮಿನುಗುವುದು ನಿಂತರೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ. ನಿಲ್ಲದಿದ್ದರೆ ಕಾರನ್ನು ನಿಲ್ಲಿಸಿ.

ಇನ್ನೊಂದು ಸನ್ನಿವೇಶವೂ ಇದೆ. ಡ್ಯಾಶ್‌ಬೋರ್ಡ್ ತುಂಬ ಒಟ್ಟಿಗೇ ನಾಲ್ಕೈದು ಲೈಟ್: ಎಂಜಿನ್, ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್. ಎಲ್ಲವೂ ಒಂದೇ ದಿನ ಕೆಡುವುದಿಲ್ಲ ಅಲ್ವಾ? ಮೊದಲು ಬ್ಯಾಟರಿಯನ್ನು ಅನುಮಾನಿಸಿ. ವೋಲ್ಟೇಜ್ ಕುಸಿದಾಗ ಒಂದೊಂದು ಕಂಪ್ಯೂಟರೂ ತನ್ನ ಪಾಡಿಗೆ ದೂರು ಹೇಳುತ್ತದೆ.

ಸ್ಕ್ಯಾನರ್‌ಗೂ ಮೊದಲು ಹತ್ತು ನಿಮಿಷ

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಬೆಳಕು ಕಡಿಮೆಯಿದ್ದರೆ ಟಾರ್ಚ್ ಹಿಡಿದುಕೊಳ್ಳಿ.

ಇಲಿ. ಮಲೆನಾಡಿನಲ್ಲಾಗಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಾಗಲಿ ನಾನು ಮೊದಲು ಹುಡುಕುವುದು ಇದನ್ನೇ. ಬ್ಯಾಟರಿಯ ಮೇಲೆ, ಏರ್ ಫಿಲ್ಟರ್ ಡಬ್ಬಿಯ ಹಿಂದೆ ಹಿಕ್ಕೆ, ಒಣಹುಲ್ಲು, ತೆಂಗಿನ ನಾರು, ಬ್ರೆಡ್ ಚೂರು ಇದೆಯಾ ನೋಡಿ. ಬಾನೆಟ್ ಒಳಗಿನ ಸ್ಪಂಜಿನ ಹೊದಿಕೆ ಕಿತ್ತಿದೆಯಾ? ಕಪ್ಪು ವೈರ್ ಕಟ್ಟಿನಲ್ಲಿ ಎಲ್ಲಾದರೂ ತಾಮ್ರ ಹೊಳೆಯುತ್ತಿದೆಯಾ? ಕೈಗೆ ಗ್ಲೌಸ್ ಇರಲಿ, ಇಲಿ ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ನನ್ನ ಕಾರಲ್ಲಿ ವೈರ್ ಕಡಿದಿದ್ದ ಜಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್ನಿಂದ ಹೊಗೆ ಹೊರಬರುವ ಪೈಪ್) ಹಿಂಭಾಗದಲ್ಲಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ಮೊಬೈಲ್ ಕ್ಯಾಮೆರಾ ಒಳಗೆ ತೂರಿಸಿ ವಿಡಿಯೊ ತೆಗೆದಾಗ ಸಿಕ್ಕಿತು. ನೀವೂ ಹಾಗೆ ಮಾಡಿ, ಬಹಳ ಉಪಯೋಗ.

ಕನೆಕ್ಟರ್. ಮಳೆಗಾಲದಲ್ಲಿ, ನೀರು ನಿಂತ ರಸ್ತೆಯಲ್ಲಿ ಹೋದ ಮೇಲೆ, ಅಥವಾ ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಲೈಟ್ ಬಂದಿದ್ದರೆ ತೇವದ್ದೇ ಅನುಮಾನ. ಪ್ರೆಶರ್ ಪಂಪ್ ಹಿಡಿದು ಎಂಜಿನ್ ತೊಳೆಸುವುದನ್ನು ದಯವಿಟ್ಟು ಬಿಡಿ. ನೀರು ಸ್ಪಾರ್ಕ್ ಪ್ಲಗ್ ಗುಂಡಿಗೆ ಇಳಿದರೆ ಮಿಸ್ಸಿಂಗ್ ಶುರುವಾಗುತ್ತದೆ. ಕನೆಕ್ಟರ್‌ಗಳನ್ನು ಒತ್ತಿ ನೋಡಿ, ಸಡಿಲ ಇದ್ದರೆ "ಕ್ಲಿಕ್" ಅನ್ನುವ ತನಕ ಕೂರಿಸಿ.

ಏರ್ ಫಿಲ್ಟರ್ ಡಬ್ಬಿ. ಈಚೆಗೆ ಸರ್ವಿಸ್ ಆಗಿದ್ದರೆ ಅದರ ಕ್ಲಿಪ್ ಸರಿಯಾಗಿ ಕೂತಿದೆಯಾ, ಅಲ್ಲಿಂದ ಹೊರಡುವ ದಪ್ಪ ಪೈಪ್ ಬಿಗಿಯಾಗಿದೆಯಾ ನೋಡಿ. ಸರ್ವಿಸ್ ಆದ ಮಾರನೇ ದಿನವೇ ಲೈಟ್ ಬಂತು ಅನ್ನುವವರು ಮೊದಲು ನೋಡಬೇಕಾದ್ದು ಇಲ್ಲೇ. ಬಯಲುಸೀಮೆಯ ಧೂಳಿನಲ್ಲಿ ಓಡುವ ಕಾರಾದರೆ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ.

ಎಂಜಿನ್ ಆಯಿಲ್, ಕೂಲಂಟ್ ಮಟ್ಟ ನೋಡಿ. ಪೆಟ್ರೋಲ್ ಟ್ಯಾಂಕ್ ಮುಚ್ಚಳ ಬಿಗಿಯಾಗಿದೆಯಾ ನೋಡಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಅಳೆಯಿರಿ: ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಅರ್ಧದಷ್ಟೂ ಇಲ್ಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರುತ್ತದೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ.

ಕೊನೆಯದಾಗಿ, ಲೈಟ್ ಬರುವ ಮೊದಲು ಏನಾಯಿತು ಅಂತ ನೆನಪು ಮಾಡಿಕೊಂಡು ಬರೆದಿಡಿ. ಹೊಸ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದಿರಾ? ಕಾರು ಎಷ್ಟು ದಿನ ನಿಂತಿತ್ತು? ಮಳೆಯಲ್ಲಿ ನೆನೆಯಿತಾ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಎಷ್ಟೋ ಸಲ ಅರ್ಧ ಕೆಲಸ ಮುಗಿದಂತೆ.

ಕೋಡ್ ಓದುವುದು

ನಮ್ಮ ದೇಶದಲ್ಲಿ ಬಿಎಸ್4 (ಹೊಗೆ ನಿಯಮ ಭಾರತ್ ಸ್ಟೇಜ್ 4) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 ಕಡ್ಡಾಯವಾಯಿತು, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ ಅದು ಇನ್ನೂ ಚುರುಕಾಗಿದೆ. ಹಾಗಾಗಿ ನಿಮ್ಮ ಕಾರು ಹತ್ತು ವರ್ಷದೊಳಗಿನದ್ದಾದರೆ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್‌ನ ಒಂದು ಸಾಕೆಟ್ ಇದ್ದೇ ಇರುತ್ತದೆ. ಕೆಲವದರಲ್ಲಿ ಫ್ಯೂಸ್ ಮುಚ್ಚಳದ ಹಿಂದೆ ಅವಿತಿರುತ್ತದೆ.

ಅದಕ್ಕೆ ಹಾಕುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇಎಲ್ಎಂ327 ಅಂತ ಹುಡುಕಿ. ತೀರಾ ಅಗ್ಗದವು ಅರ್ಧಂಬರ್ಧ ಕೆಲಸ ಮಾಡುತ್ತವೆ, ಸ್ವಲ್ಪ ಒಳ್ಳೆಯದನ್ನೇ ತೆಗೆದುಕೊಳ್ಳಿ. ಐಫೋನ್ ಇರುವವರು ಅದಕ್ಕೆ ಹೊಂದುವಂಥದ್ದನ್ನೇ ಆರಿಸಬೇಕು, ಹಳೆಯ ಮಾದರಿಯ ಬ್ಲೂಟೂತ್ ಅಡಾಪ್ಟರ್ ಅದರ ಜೊತೆ ಸೇರುವುದಿಲ್ಲ. ಮೊಬೈಲ್‌ನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಥರದ ಒಂದು ಆ್ಯಪ್ ಸಾಕು.

ಮಾಡುವ ಕ್ರಮ ಹೀಗೆ. ಕಾರು ಆಫ್ ಇರುವಾಗ ಅಡಾಪ್ಟರ್ ಚುಚ್ಚಿ. ಕೀಯನ್ನು ಆನ್‌ಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೊಬೈಲ್ ಜೋಡಿಸಿ, ಆ್ಯಪ್‌ನಲ್ಲಿ ಕೋಡ್ ಓದಿ. ದಾಖಲಾಗಿರುವ ಕೋಡ್ (ಸ್ಟೋರ್ಡ್), ಇನ್ನೂ ಖಚಿತವಾಗದ ಬಾಕಿ ಕೋಡ್ (ಪೆಂಡಿಂಗ್) ಎರಡನ್ನೂ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಫ್ರೀಜ್ ಫ್ರೇಮ್ ಅನ್ನುವ ಪುಟ ತೆರೆಯಿರಿ. ಕೋಡ್ ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು ಅನ್ನುವುದು ಅಲ್ಲಿರುತ್ತದೆ. ಇದನ್ನೂ ಉಳಿಸಿಕೊಳ್ಳಿ.

ಅಳಿಸುವ ಬಟನ್ ಅಲ್ಲೇ ಪಕ್ಕದಲ್ಲಿರುತ್ತದೆ, ಒತ್ತಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಬ್ಯಾಟರಿ ವೈರ್ ಕಳಚಿ ಲೈಟ್ ಹೋಗಿಸುವ ಹಳೆಯ ಉಪಾಯವೂ ಅಷ್ಟೇ. ಜೊತೆಗೆ ಎಂಜಿನ್ ಕಲಿತುಕೊಂಡಿದ್ದ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಹೊಂದಾಣಿಕೆಯೂ ಅಳಿದು ಕೆಲವು ದಿನ ಕಾರು ಒರಟಾಗಿ ಓಡುತ್ತದೆ.

ಕೋಡಿನ ಅಕ್ಷರಗಳಿಗೆ ಅರ್ಥವಿದೆ. ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಬಿ ಇದ್ದರೆ ಬಾಡಿ, ಸಿ ಇದ್ದರೆ ಬ್ರೇಕ್, ಸ್ಟೀರಿಂಗ್ ಥರದ ಚಾಸಿಸ್ ಭಾಗ, ಯು ಇದ್ದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಎರಡನೇ ಜಾಗದಲ್ಲಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದ್ದೇ ಕೋಡ್, ಬೇರೆ ಕಾರಿನ ಪಟ್ಟಿ ನೋಡಿ ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಮೂರನೇ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ ಮತ್ತು ಇಂಧನ, 3 ಇದ್ದರೆ ಕಿಡಿ, 4 ಇದ್ದರೆ ಹೊಗೆ ನಿಯಂತ್ರಣ, 7 ಅಥವಾ 8 ಇದ್ದರೆ ಗೇರ್‌ಬಾಕ್ಸ್.

ಪಿ0300ರಿಂದ ಪಿ0304: ಮಿಸ್ಸಿಂಗ್

ಮನೆಯಲ್ಲೇ ಪರೀಕ್ಷೆ ಮಾಡಲು ಅತಿ ಸುಲಭವಾದ ಕೋಡ್ ಇದು. ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಪಿ0302 ಅಂದರೆ ಎರಡನೇ ಸಿಲಿಂಡರ್. ಪಿ0300 ಅಂದರೆ ಯಾವುದೋ ಒಂದೇ ಅಂತಿಲ್ಲ, ಅಲ್ಲಲ್ಲಿ ಮಿಸ್ ಆಗುತ್ತಿದೆ. ಬಹುತೇಕ ಕಾರುಗಳಲ್ಲಿ ಬೆಲ್ಟ್ ಇರುವ ಕಡೆಯಿಂದ ಒಂದು, ಎರಡು ಅಂತ ಎಣಿಸುತ್ತಾರೆ, ಆದರೂ ನಿಮ್ಮ ಕಾರಿನದ್ದು ಖಚಿತ ಮಾಡಿಕೊಳ್ಳಿ. ಆಲ್ಟೊ ಕೆ10, ಕ್ವಿಡ್, ಟಿಯಾಗೊ ಪೆಟ್ರೋಲ್ ಥರದವು ಮೂರು ಸಿಲಿಂಡರ್ ಕಾರುಗಳು. ಅವುಗಳಲ್ಲಿ ಒಂದು ಕೈಕೊಟ್ಟರೆ ಇಡೀ ಕಾರು ನಡುಗುವುದು ನಿಮಗೇ ಗೊತ್ತಾಗುತ್ತದೆ.

ಈಗಿನ ಬಹುಪಾಲು ಪೆಟ್ರೋಲ್ ಎಂಜಿನ್‌ಗಳಲ್ಲಿ ಒಂದೊಂದು ಸಿಲಿಂಡರ್ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಪರೀಕ್ಷೆ ಹೀಗೆ: ಎಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ. ಎರಡನೇ ಸಿಲಿಂಡರ್ ಕಾಯಿಲ್‌ನ ಕನೆಕ್ಟರ್ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಬೋಲ್ಟ್ ಬಿಚ್ಚಿ, ಸಾಮಾನ್ಯವಾಗಿ 10ರ ಪಾನಾ ಸಾಕು. ಕಾಯಿಲನ್ನು ಮೆಲ್ಲಗೆ ತಿರುಗಿಸಿ ಮೇಲೆತ್ತಿ. ಹಾಗೇ ಮೂರನೆಯದನ್ನೂ ತೆಗೆದು ಇವೆರಡನ್ನು ಅದಲು ಬದಲು ಮಾಡಿ. ಕೋಡ್ ಅಳಿಸಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿದ್ದೀರಲ್ಲ, ಈಗ ಅಳಿಸಬಹುದು. ಒಂದು ಸಣ್ಣ ಸುತ್ತು ಓಡಿಸಿ, ಸಾಧ್ಯವಾದರೆ ಏರು ಇರುವ ರಸ್ತೆಯಲ್ಲಿ. ದುರ್ಬಲ ಕಾಯಿಲ್ ಸಮತಟ್ಟಿನಲ್ಲಿ ಸುಮ್ಮನಿದ್ದು ಏರಿನಲ್ಲಿ ಸಿಕ್ಕಿಬೀಳುತ್ತದೆ. ಲೈಟ್ ಮಿನುಗಿದ ಕೂಡಲೇ ವಾಪಸ್ ಬನ್ನಿ.

ಈಗ ಕೋಡ್ ಪಿ0303 ಆಯಿತಾ? ಹಾಗಾದರೆ ತೊಂದರೆ ಕಾಯಿಲ್ ಜೊತೆ ಜಾಗ ಬದಲಿಸಿದೆ, ಕಾಯಿಲ್ ಕೆಟ್ಟಿದೆ. ಇನ್ನೂ ಪಿ0302 ಇದೆಯಾ? ಕಾಯಿಲ್ ನಿರಪರಾಧಿ. ಇದೇ ರೀತಿ ಸ್ಪಾರ್ಕ್ ಪ್ಲಗ್ ಅದಲು ಬದಲು ಮಾಡಿ. ಪ್ಲಗ್ ಹಾಕುವಾಗ ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಪಾನಾ ಹಿಡಿದು ಓರೆಯಾಗಿ ತಿರುಗಿಸಿದರೆ ಎಂಜಿನ್ ಹೆಡ್‌ನ ಮರೆಯೇ (ತಿರುಪಿನ ಎಳೆ) ಹಾಳಾಗುತ್ತದೆ, ಅದು ದೊಡ್ಡ ಕೆಲಸ. ಪ್ಲಗ್ ಗುಂಡಿಯಲ್ಲಿ ಎಣ್ಣೆ ಇದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ನೀರು ಇದ್ದರೆ ಒರೆಸಿ ಒಣಗಿಸಿ ನೋಡಿ, ಅಷ್ಟಕ್ಕೇ ಸರಿಹೋಗಬಹುದು. ಕಾಯಿಲ್, ಪ್ಲಗ್ ಎರಡೂ ಸರಿ ಇದ್ದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆ ಆಗಬೇಕು. ಅದು ಗ್ಯಾರೇಜಿನ ಕೆಲಸ.

ಪಿ0171: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ

ಇದರ ಮೇಲೆ ಆಕ್ಸಿಜನ್ ಸೆನ್ಸರ್ ಬದಲಿಸುವವರು ಬಹಳ. ಆದರೆ ಸೆನ್ಸರ್ ಇಲ್ಲಿ ಸುದ್ದಿ ತಂದವನು ಮಾತ್ರ. ಆ್ಯಪ್‌ನಲ್ಲಿ ಫ್ಯೂಯಲ್ ಟ್ರಿಮ್ ಅನ್ನುವ ಎರಡು ಅಂಕಿ ನೋಡಿ, ಒಂದು ತಕ್ಷಣದ್ದು, ಒಂದು ದೀರ್ಘಕಾಲದ್ದು. ಲೆಕ್ಕಕ್ಕಿಂತ ಎಷ್ಟು ಶೇಕಡ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕುತ್ತಿದ್ದೇನೆ ಅಂತ ಎಂಜಿನ್ ಕಂಪ್ಯೂಟರ್ ಹೇಳುವ ಲೆಕ್ಕ ಅದು. ಎರಡನ್ನೂ ಕೂಡಿಸಿದಾಗ 10ರ ಒಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ಎಲ್ಲೋ ತಪ್ಪಿದೆ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಅಂಕಿ ನೋಡಿ. ಆಮೇಲೆ 2500 ಆರ್‌ಪಿಎಂಗೆ ಏರಿಸಿ ಹಿಡಿದು ನೋಡಿ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ಮೇಲೆ ಕಡಿಮೆಯಾದರೆ ಗಾಳಿ ಸೋರಿಕೆ: ಬಿರುಕು ಬಿಟ್ಟ ರಬ್ಬರ್ ಪೈಪ್, ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್. ಐಡ್ಲಿಂಗ್‌ನಲ್ಲಿ ಸರಿ ಇದ್ದು ಮೇಲೆ ಅಥವಾ ಏರಿನಲ್ಲಿ ಜಾಸ್ತಿಯಾದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಅಥವಾ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕೊಳೆಯಾಗಿದೆ. ಚಿಕ್ಕ ಕಾರುಗಳಲ್ಲಿ ಎಂಎಎಫ್ ಬದಲು ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುವುದೇ ಜಾಸ್ತಿ. ಅಂಥವುಗಳಲ್ಲಿ ಗಾಳಿ ಸೋರಿಕೆಯಾದರೆ ಟ್ರಿಮ್‌ಗಿಂತ ಮೊದಲು ಐಡ್ಲಿಂಗ್ ಆರ್‌ಪಿಎಂ ಏರಿರುವುದು ಕಾಣುತ್ತದೆ.

ಸೋರಿಕೆ ಹುಡುಕಲು ಮೊದಲು ಕಿವಿ ಕೊಡಿ, "ಸ್ಸ್" ಅನ್ನುವ ಸದ್ದು ಕೇಳುತ್ತದಾ ಅಂತ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವುದನ್ನು ಹಲವರು ತೋರಿಸುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ಮನೆಯಲ್ಲಿ ಮಾಡಬೇಡಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇಕಡ 20 ಎಥನಾಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಇ10ರಿಂದ ಇ20ಗೆ ಬಂದಾಗ ಸುಮಾರು ಶೇಕಡ 4ರಷ್ಟು. ಆರೋಗ್ಯವಾಗಿರುವ ಎಂಜಿನ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಫ್ಯೂಯಲ್ ಟ್ರಿಮ್ ಆಗಲೇ 15ರಲ್ಲಿದ್ದ ಹಳೆಯ ಕಾರಿಗೆ ಈ 4 ಸೇರಿದರೆ ಲೈಟ್ ಬರುವ ಅಂಚಿಗೆ ಬಂದುಬಿಡುತ್ತದೆ. ಬೈಯಬೇಕಾದ್ದು ಬರೀ ಪೆಟ್ರೋಲನ್ನಲ್ಲ, ಆ ಮೊದಲಿನ 15 ಎಲ್ಲಿಂದ ಬಂತು ಅಂತ ಹುಡುಕಬೇಕು.

ಪಿ0135: ನನ್ನ ಕಥೆಯ ಕೋಡ್

ಆಕ್ಸಿಜನ್ ಸೆನ್ಸರ್ ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ. ಬೇಗ ಬಿಸಿಯಾಗಲಿ ಅಂತ ಅದರೊಳಗೆ ಒಂದು ಪುಟ್ಟ ಹೀಟರ್ ಇದೆ. ಪಿ0135 ಮುಂದಿನ, ಅಂದರೆ ಕನ್ವರ್ಟರ್‌ಗೂ ಮೊದಲಿರುವ ಸೆನ್ಸರ್‌ನ ಹೀಟರ್ ಸರ್ಕ್ಯೂಟ್, ಪಿ0141 ಕನ್ವರ್ಟರ್ ಆದ ಮೇಲಿರುವ ಹಿಂದಿನದ್ದು. ಸರ್ಕ್ಯೂಟ್ ಅನ್ನುವ ಪದ ಗಮನಿಸಿ. ಹೀಟರ್, ವೈರ್, ಕನೆಕ್ಟರ್, ಫ್ಯೂಸ್, ರಿಲೇ ಎಲ್ಲ ಸೇರಿ ಸರ್ಕ್ಯೂಟ್. ಐದು ಮನೆಯ ಬೀದಿ.

ಮೊದಲು ಫ್ಯೂಸ್ ನೋಡಿ. ಆಮೇಲೆ ತಣ್ಣಗಿರುವ ಎಂಜಿನ್‌ನಲ್ಲಿ ಸೆನ್ಸರ್ ಕನೆಕ್ಟರ್ ಬಿಡಿಸಿ. ನಾಲ್ಕು ವೈರ್‌ನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಇದ್ದರೆ ಅವು ಸಾಮಾನ್ಯವಾಗಿ ಹೀಟರ್‌ದು. ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಸೆನ್ಸರ್ ಕಡೆ ಅಳೆಯಿರಿ. ಕೆಲವು ಓಮ್‌ನಿಂದ ಹದಿನೈದರ ತನಕ ಬಂದರೆ ಹೀಟರ್ ಜೀವಂತವಾಗಿದೆ. ಅಂಕಿಯೇ ಬರದಿದ್ದರೆ ಹೀಟರ್ ತುಂಡಾಗಿದೆ, ಆಗ ಸೆನ್ಸರ್ ಬದಲಿಸಿ. ಹೀಟರ್ ಸರಿ ಇದ್ದರೆ ಕಾರಿನ ಕಡೆಯ ಕನೆಕ್ಟರ್‌ನಲ್ಲಿ, ಎಂಜಿನ್ ಓಡುವಾಗ, 12 ವೋಲ್ಟ್‌ಗಿಂತ ಮೇಲೆ ಬರುತ್ತಿದೆಯಾ ನೋಡಿ. ಬರದಿದ್ದರೆ ವೈರ್ ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋಗಿ. ಎಕ್ಸಾಸ್ಟ್‌ಗೆ ಕೈ ತಾಗಿಸಬೇಡಿ.

ನನ್ನ ಹಳೆಯ ಸೆನ್ಸರ್ ಡಿಕ್ಕಿಯಲ್ಲಿ ಬಿದ್ದಿತ್ತು. ಎಲ್ಲ ಆದ ಮೇಲೆ ಅಳೆದು ನೋಡಿದೆ, ಅದು 9 ಓಮ್ ತೋರಿಸಿತು. ಎರಡು ನಿಮಿಷದ ಆ ಪರೀಕ್ಷೆ ಮೊದಲೇ ಆಗಿದ್ದರೆ ಹೊಸದರ ಅಗತ್ಯವೇ ಇರಲಿಲ್ಲ.

ಪಿ0420 ಮತ್ತು ಇತರ ಕೆಲವು

ಪಿ0420 ಅಂದರೆ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಕಂಪ್ಯೂಟರ್‌ಗೆ ಅನಿಸಿದೆ. ಕನ್ವರ್ಟರ್‌ಗೆ ಆರ್ಡರ್ ಕೊಡುವ ಮೊದಲು ಮೂರು ನೋಡಿ. ಮಿಸ್ಸಿಂಗ್ ಕೋಡ್ ಜೊತೆಗಿದೆಯಾ? ಇದ್ದರೆ ಅದನ್ನು ಮೊದಲು ಸರಿಮಾಡಿ. ಸೆನ್ಸರ್‌ಗಳ ಹತ್ತಿರ ಸೈಲೆನ್ಸರ್ ಪೈಪ್ ಸೋರುತ್ತಿದೆಯಾ? ಹಿಂದಿನ ಸೆನ್ಸರ್‌ನ ಗ್ರಾಫ್ ಹೇಗಿದೆ? ಬಿಸಿ ಎಂಜಿನ್‌ನಲ್ಲಿ ಅದು 0.6, 0.7 ವೋಲ್ಟ್ ಹತ್ತಿರ ಹೆಚ್ಚು ಕದಲದೆ ಇರಬೇಕು. ಮುಂದಿನ ಸೆನ್ಸರ್ ಥರವೇ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕನ್ವರ್ಟರ್ ನಿಜವಾಗಿಯೂ ಸೋತಿದೆ.

ಪಿ0128 ಬಂದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ, ಹೆಚ್ಚಾಗಿ ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಮೈಲೇಜ್ ಬೀಳುತ್ತದೆ. ಕೂಲಂಟ್ ಮಟ್ಟವನ್ನೂ ನೋಡಿ. ಪಿ0335, ಪಿ0340 ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್ ಸರ್ಕ್ಯೂಟ್‌ಗಳು. ಓಡುತ್ತಾ ಓಡುತ್ತಾ ಕಾರು ಆಫ್ ಆಗುವ ಸಾಧ್ಯತೆ ಇರುವುದರಿಂದ ಇವನ್ನು ಇಟ್ಟುಕೊಂಡು ಊರಿಗೆ ಹೊರಡಬೇಡಿ.

ಬಿಎಸ್6 ಡೀಸೆಲ್ ಕಾರಿನವರಿಗೆ ಡಿಪಿಎಫ್ ಬಗ್ಗೆ ಹೇಳಲೇಬೇಕು. ಇದು ಮಸಿ ಹಿಡಿಯುವ ಜರಡಿ. ಹಿಡಿದ ಮಸಿಯನ್ನು 600 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟು ತಾನೇ ಖಾಲಿಯಾಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವ ಕಾರಿಗೆ ಆ ಶಾಖ ಬರುವುದೇ ಇಲ್ಲ. ಡಿಪಿಎಫ್ ಲೈಟ್ ಮಾತ್ರ ಬಂದಿದ್ದರೆ ನೈಸ್ ರಸ್ತೆಯಲ್ಲೋ ತುಮಕೂರು ಹೆದ್ದಾರಿಯಲ್ಲೋ 60ಕ್ಕಿಂತ ಮೇಲೆ, ಒಂದು ಗೇರ್ ಕಡಿಮೆ ಇಟ್ಟು 2000 ಆರ್‌ಪಿಎಂ ದಾಟಿಸಿ, 20 ನಿಮಿಷ ನಿಲ್ಲಿಸದೆ ಓಡಿಸಿ. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಜೊತೆಗೆ ಚೆಕ್ ಎಂಜಿನ್ ಲೈಟೂ ಬಂದಿದ್ದರೆ ಈ ಪ್ರಯತ್ನ ಬೇಡ, ಸರ್ವಿಸ್ ಸೆಂಟರ್‌ಗೆ ಹೋಗಿ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತಿದ್ದರೆ ಉರಿಯದ ಡೀಸೆಲ್ ಹೋಗಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಿ. ಡಿಪಿಎಫ್ ಕಿತ್ತು ಹಾಕಿಸಿ ಅನ್ನುವ ಸಲಹೆ ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಆ ಮಸಿ ನಮ್ಮ ಮಕ್ಕಳೇ ಉಸಿರಾಡುವುದು.

ಗ್ಯಾರೇಜಿನಲ್ಲಿ ಹೇಗೆ ಮಾತಾಡುವುದು

"ಲೈಟ್ ಬಂದಿದೆ, ನೋಡಿ ಅಣ್ಣ" ಅಂತ ಕೀ ಕೊಟ್ಟು ಬರಬೇಡಿ. ಸ್ಕ್ರೀನ್‌ಶಾಟ್ ತೋರಿಸಿ. ಯಾವಾಗ ಬಂತು, ಅದಕ್ಕೂ ಮೊದಲು ಏನಾಗಿತ್ತು, ನೀವು ಏನೇನು ನೋಡಿದ್ದೀರಿ ಹೇಳಿ. ಭಾಗ ಬದಲಿಸಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ: "ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು ಅಣ್ಣ?" ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಮೀಟರ್ ಹಿಡಿದು ತೋರಿಸುತ್ತಾರೆ. ನನ್ನ ಕಾರಿನ ವೈರ್ ಸರಿಮಾಡಿದವರು ನಾನು ಕೇಳುವ ಮೊದಲೇ ಕರೆದು ತೋರಿಸಿದರು. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ, 350 ರೂಪಾಯಿ ತೆಗೆದುಕೊಂಡರು. ಪರೀಕ್ಷೆ ಮಾಡಿದ್ದಕ್ಕೆ ಅಂತ ಗ್ಯಾರೇಜಿನವರು ದುಡ್ಡು ಕೇಳಿದರೆ ಖುಷಿಯಿಂದ ಕೊಡಿ. ಸುಮ್ನೆ ಭಾಗ ಬದಲಿಸುವುದಕ್ಕಿಂತ ಬೆಲೆಬಾಳುವ ಕೆಲಸ ಅದು. ಬದಲಿಸಿದ ಹಳೆಯ ಭಾಗವನ್ನು ಕೇಳಿ ವಾಪಸ್ ಪಡೆಯಿರಿ.

ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ

ಕೋಡ್ ಅಳಿಸಿದಾಗ ಲೈಟ್ ಹೋಗುತ್ತದೆ, ಅದು ದುರಸ್ತಿಗೆ ಸಾಕ್ಷಿಯಲ್ಲ. ಬಹಳಷ್ಟು ದೋಷಗಳು ಎರಡು ಪ್ರಯಾಣದಲ್ಲಿ ಮತ್ತೆ ಮತ್ತೆ ಕಂಡರೆ ಮಾತ್ರ ಲೈಟ್ ಬರುತ್ತದೆ. ನನ್ನ ಕಾರಲ್ಲಿ ಪೇಟೆಗೆ ಹೋದಾಗ ಬರದ ಲೈಟ್ ವಾಪಸ್ ಬರುವಾಗ ಬಂದಿದ್ದು, ಹೊಸ ಸೆನ್ಸರ್ ಹಾಕಿದ ಮೇಲೆ ಎರಡು ದಿನ ಸುಮ್ಮನಿದ್ದದ್ದು ಇದಕ್ಕೇ. ಅಳಿಸದೆ ಬಿಟ್ಟರೂ, ತೊಂದರೆ ನಿಜಕ್ಕೂ ಹೋಗಿದ್ದರೆ, ಮೂರು ಸರಿಯಾದ ಪ್ರಯಾಣದ ನಂತರ ಲೈಟ್ ತಾನೇ ಆರುತ್ತದೆ.

ಆ್ಯಪ್‌ನಲ್ಲಿ ರೆಡಿನೆಸ್ ಅಂತ ಒಂದು ಪುಟವಿದೆ. ಕೋಡ್ ಅಳಿಸಿದಾಗ ಅಲ್ಲಿನ ಪರೀಕ್ಷೆಗಳೆಲ್ಲ ಬಾಕಿ ಅಂತ ತೋರಿಸುತ್ತವೆ. ಬೆಳಿಗ್ಗೆ ತಣ್ಣಗಿನ ಸ್ಟಾರ್ಟ್, ಸ್ವಲ್ಪ ಸಿಟಿ, ಸ್ವಲ್ಪ ಹೆದ್ದಾರಿ, ಹೀಗೆ ಕೆಲವು ದಿನ ಓಡಿಸಿದರೆ ಒಂದೊಂದಾಗಿ ಮುಗಿಯುತ್ತವೆ. ಎಲ್ಲ ಮುಗಿದು, ಬಾಕಿ ಕೋಡ್ ಪಟ್ಟಿಯೂ ಖಾಲಿ ಇದ್ದರೆ ಆಗ ಸರಿಯಾಯಿತು ಅನ್ನಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಪುಟವನ್ನು ತಪ್ಪದೆ ನೋಡಿ. ಎಲ್ಲವೂ ಬಾಕಿ ಇದ್ದರೆ ಈಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಹಾಗೇ ಕೀ ಆನ್ ಮಾಡಿದಾಗ ಎಂಜಿನ್ ಚಿತ್ರ ಒಮ್ಮೆ ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲ ಅಂದರೆ ಲೈಟನ್ನೇ ಯಾರೋ ಕಳಚಿರಬಹುದು.

ಇಲಿ ವಿಷಯಕ್ಕೆ ನಾನು ಈಗ ಮಾಡುತ್ತಿರುವುದು ಇಷ್ಟು. ಕಾರಿನೊಳಗೆ ತಿಂಡಿ ಬಿಡುವುದಿಲ್ಲ. ಎರಡು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತೇನೆ. ಹಳ್ಳಿಯಲ್ಲಿ ರಾತ್ರಿ ಬಾನೆಟ್ ತೆರೆದೇ ಬಿಡುತ್ತೇನೆ, ಇಲಿಗೆ ಬೇಕಾದ ಕತ್ತಲು, ಬೆಚ್ಚಗಿನ ಮೂಲೆ ಅಲ್ಲಿ ಸಿಗಬಾರದು ಅಂತ. ಚಿಕ್ಕಪ್ಪ ಹೊಗೆಸೊಪ್ಪಿನ ಒಂದು ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದನ್ನು ಬ್ಯಾಟರಿ ಪಕ್ಕದಲ್ಲಿ, ಬೆಲ್ಟ್‌ನಿಂದ ಮತ್ತು ಬಿಸಿ ಭಾಗಗಳಿಂದ ದೂರ ಕಟ್ಟಿದ್ದೇನೆ. ವಾಸನೆ ಕಡಿಮೆಯಾದಾಗ ಬದಲಿಸುತ್ತೇನೆ. ಆಮೇಲೆ ಎರಡು ಸಲ ಊರಿಗೆ ಹೋಗಿ ಬಂದೆ, ಒಂದು ಹಿಕ್ಕೆಯೂ ಕಾಣಲಿಲ್ಲ.